ಕೋಡ್ 3: ‘ಇಬ್ಬರೂ ಸೇರಿ’

ಮೊನ್ನೆ ಶಿವಮೊಗ್ಗದ ಹೋಟೆಲೊಂದರ ಎಸಿ ಹಾಲ್‌ನಲ್ಲಿ ವಿದೇಶಿ ಅನುದಾನದ ಮಹಿಳಾ ಸಬಲೀಕರಣ ಯೋಜನೆಯೊಂದರ ಅಂತಿಮ ಮೌಲ್ಯಮಾಪನ ವರದಿ ಬಿಡುಗಡೆ. ಸ್ವಾಗತಗೀತೆ, ಶಾಲು, ಪಿಪಿಟಿ ಎಲ್ಲ ಸಾಂಗವಾಗಿ ನಡೆಯಿತು. ಮಧ್ಯೆ ಒಂದು ಸ್ಲೈಡು: ‘ಮನೆಯ ನಿರ್ಧಾರಗಳಲ್ಲಿ ಪಾಲ್ಗೊಳ್ಳುವ ಮಹಿಳೆಯರು’. ಬೇಸ್‌ಲೈನಿನ (ಯೋಜನೆ ಶುರುವಿನ ಸಮೀಕ್ಷೆ) ಕಂಬ ಗಿಡ್ಡ, ಎಂಡ್‌ಲೈನಿನ (ಮುಗಿಯುವಾಗಿನ ಸಮೀಕ್ಷೆ) ಕಂಬ ಅಡಿಕೆ ಮರದಷ್ಟು ಎತ್ತರ. ಚಪ್ಪಾಳೆಯೂ ಬಿತ್ತು. ವರದಿಯ ಅನುಬಂಧ ತಿರುವಿ ಪ್ರಶ್ನಾವಳಿ ನೋಡಿದರೆ ಅದೇ ಹಳೇ ಕೋಡ್ 3. ಇಂಥ ಯೋಜನೆಗಳ ಫಲ ಅಳೆಯೋದೇ ನನ್ನ ಕೆಲಸ ಅಂತ ಗೊತ್ತಿರುವವರಿಗೆ ಬಿಪಿ ಯಾಕೆ ಏರಿತು ಅಂತಲೂ ಗೊತ್ತಾಗುತ್ತೆ. ಉಳಿದವರು ಸ್ವಲ್ಪ ಸಹಿಸಿಕೊಳ್ಳಿ, ಉದ್ದ ಆಗುತ್ತೆ.

ಪ್ರಶ್ನೆ ಹೀಗಿರುತ್ತೆ: ‘ಮನೆಗೆ ದೊಡ್ಡ ವಸ್ತು ಕೊಳ್ಳುವ ನಿರ್ಧಾರ ಸಾಮಾನ್ಯವಾಗಿ ಯಾರದು?’ ಉತ್ತರಕ್ಕೆ ಕೋಡುಗಳು. 1 ಅಂದರೆ ಆಕೆಯೇ, 2 ಗಂಡ, 3 ಇಬ್ಬರೂ ಸೇರಿ, 4 ಬೇರೆಯವರು. ಲೆಕ್ಕ ಹಾಕುವಾಗ 1 ಮತ್ತು 3 ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ‘ಪಾಲ್ಗೊಳ್ಳುತ್ತಾಳೆ’ ಅಂತ ಬರೆಯುತ್ತಾರೆ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಇದೇ ಪದ್ಧತಿ: ಆಕೆಯ ಆರೋಗ್ಯ, ದೊಡ್ಡ ಖರೀದಿ, ತವರಿಗೆ ಹೋಗಿಬರೋದು, ಈ ಮೂರರ ಬಗ್ಗೆ ಕೇಳುತ್ತಾರೆ. ದೇಶದ ಚಿತ್ರ ಬೇಕಾದಾಗ, ಲಕ್ಷಗಟ್ಟಲೆ ಮನೆಗಳ ಮಟ್ಟದಲ್ಲಿ, ಅದಕ್ಕೊಂದು ಅರ್ಥ ಇದೆ. ಆದರೆ ಹೊಸನಗರ ತಾಲೂಕಿನ ನಾಲ್ಕು ಪಂಚಾಯ್ತಿಯಲ್ಲಿ ಮೂರು ವರ್ಷ ನಡೆದ ಯೋಜನೆ ಗೆದ್ದಿತೋ ಸೋತಿತೋ ಅಂತ ಹೇಳೋಕೆ ಅದನ್ನೇ ಎತ್ತಿಕೊಂಡು ಬರೋದು ಸೋಮಾರಿತನ.

ಯಾಕೆಂದರೆ ನಮ್ಮ ಕಡೆ ‘ಇಬ್ಬರೂ ಸೇರಿ’ ಅನ್ನೋದು ಮರ್ಯಾದೆಯ ಉತ್ತರ. ಜಗಲಿಗೆ ಬಂದ ಅಪರಿಚಿತರ ಮುಂದೆ ‘ಎಲ್ಲ ಅವರದ್ದೇ’ ಅಂದರೆ ಗಂಡನ ಮಾನ ಹೋಗುತ್ತೆ, ‘ನಂದೇ’ ಅಂದರೆ ಇವಳ ಮಾನ ಹೋಗುತ್ತೆ. ಹಾಗಾಗಿ ಮೂರು. ಗಂಡ ಸಾಗರಕ್ಕೆ ಹೋಗಿ ಬೈಕ್ ಬುಕ್ ಮಾಡಿ ಬಂದು ‘ಬುಕ್ ಮಾಡ್ದೆ ಮಾರಾಯ್ತಿ’ ಅಂದಿದ್ದೂ ಮೂರು. ಮನೆಗೆ ವಾಷಿಂಗ್ ಮೆಷಿನ್ ಬೇಕೇ ಬೇಕು ಅಂತ ಎರಡು ವರ್ಷ ಜಗಳ ಆಡಿ, ಸಂಘದಲ್ಲಿ ಸಾಲ ಎತ್ತಿ, ತಾನೇ ಅಂಗಡಿಗೆ ಹೋಗಿ ತಂದವಳದ್ದೂ ಮೂರು.

ಅರ್ಥಶಾಸ್ತ್ರಜ್ಞೆ ನೈಲಾ ಕಬೀರ್ 1999ರಲ್ಲೇ ಬರೆದಿದ್ದರು: ಸಬಲೀಕರಣ ಅಂದರೆ, ಬದುಕಿನ ಮುಖ್ಯ ಆಯ್ಕೆಗಳನ್ನು ಮಾಡುವ ಶಕ್ತಿಯನ್ನು ಯಾರಿಗೆ ನಿರಾಕರಿಸಲಾಗಿತ್ತೋ ಅವರು ಅದನ್ನು ಪಡೆದುಕೊಳ್ಳುವ ಪ್ರಕ್ರಿಯೆ ಅಂತ. ಸಂಪನ್ಮೂಲ, ಕರ್ತೃತ್ವ (ತಾನೇ ನಿರ್ಧರಿಸಿ ನಡೆಯುವ ಶಕ್ತಿ), ಸಾಧನೆ ಮೂರನ್ನೂ ಸೇರಿಸಿ ನೋಡಬೇಕು, ಬೇರೆ ದಾರಿ ಇದ್ದೂ ಆಯ್ಕೆ ಮಾಡಿಕೊಂಡಳೋ ಅಂತ ಕೇಳಬೇಕು ಅಂದರು. ಕಾಲು ಶತಮಾನ ಆಯಿತು. ಪ್ರತಿ ವರದಿಯ ಮೊದಲ ಅಧ್ಯಾಯದಲ್ಲಿ ಅವರ ಹೆಸರು ಇರುತ್ತೆ, ನಾಲ್ಕನೇ ಅಧ್ಯಾಯದ ಕೋಷ್ಟಕಕ್ಕೆ ಬಂದಾಗ ಮತ್ತೆ ಕೋಡ್ 3.

ಸರಿಮಾಡೋದು ಬ್ರಹ್ಮವಿದ್ಯೆಯೇನಲ್ಲ. ‘ಸಾಮಾನ್ಯವಾಗಿ’ ಅನ್ನೋದನ್ನು ಬಿಟ್ಟು ಕಳೆದ ಒಂದು ವರ್ಷದಲ್ಲಿ ಮನೆಗೆ ಬಂದ ಒಂದು ವಸ್ತುವನ್ನು ಹಿಡಿದುಕೊಳ್ಳಿ. ಮೊದಲು ಮಾತು ಎತ್ತಿದ್ದು ಯಾರು? ದುಡ್ಡು ಯಾರ ಕೈಯಿಂದ ಹೋಯ್ತು? ನೀವು ಬೇಡ ಅಂದಿದ್ದರೆ ನಿಲ್ಲುತ್ತಿತ್ತಾ? ಅಭಿಪ್ರಾಯ ಬೇರೆ ಆದಾಗ ಕೊನೆಗೆ ಯಾರ ಮಾತು ನಡೆಯಿತು? ನಾಲ್ಕು ಪ್ರಶ್ನೆ, ಮೂರು ನಿಮಿಷ. ಕೋಡ್ 3 ಒಡೆದು ಮೂರ್ನಾಲ್ಕು ಬೇರೆ ಬೇರೆ ಮನೆಗಳಾಗುತ್ತೆ. ಬಾಯಿಮಾತಿಗಿಂತ ಗಟ್ಟಿಯಾದ ಗುರುತುಗಳೂ ಇವೆ: ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಆಕೆಯ ಹೆಸರು ಇದೆಯಾ, ಎಟಿಎಂ ಪಿನ್ ಯಾರಿಗೆ ಗೊತ್ತು, ಬ್ಯಾಂಕಿನ ಒಟಿಪಿ ಯಾರ ಫೋನಿಗೆ ಬರುತ್ತೆ. ಒಟಿಪಿ ಪ್ರಶ್ನೆಗೆ ಹೆಚ್ಚಿನವರು ನಕ್ಕುಬಿಡುತ್ತಾರೆ, ಉತ್ತರ ಅಲ್ಲೇ ಸಿಕ್ಕಿರುತ್ತೆ.

ಎರಡನೆಯದು, ಕೇಳುವಾಗ ಪಕ್ಕದಲ್ಲಿ ಯಾರಿದ್ದರು. ಪ್ರಶ್ನಾವಳಿಯ ಕೊನೇ ಪುಟದಲ್ಲಿ ಅದಕ್ಕೊಂದು ಕಾಲಂ ಇರುತ್ತೆ, ತುಂಬುತ್ತಾರೆ, ವಿಶ್ಲೇಷಣೆಯಲ್ಲಿ ಯಾರೂ ಮುಟ್ಟಲ್ಲ. ಜಗಲಿಯಲ್ಲಿ ಸಂದರ್ಶನ ಶುರುವಾಗುತ್ತೆ, ಅತ್ತೆ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿರುತ್ತಾರೆ. ಪ್ರಶ್ನೆ ಸೊಸೆಗೆ, ಸೊಸೆಯ ಕಣ್ಣು ಅತ್ತೆಯ ಕಡೆ. ‘ಹೇಳು, ನಂಗೇನು’ ಅಂತ ಅತ್ತೆ ಅಂದ ಕ್ಷಣದಿಂದ ಮುಂದಿನ ಉತ್ತರವೆಲ್ಲ ಮೂರು. ಡಬ್ಲ್ಯುಇಎಐ ಅಂತ ಒಂದು ಸೂಚ್ಯಂಕ ಇದೆ, ಕೃಷಿಯಲ್ಲಿ ಮಹಿಳೆಯರ ಸಬಲೀಕರಣ ಅಳೆಯೋಕೆ ಇಫ್‌ಪ್ರಿ (ಅಂತಾರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆ), ಆಕ್ಸ್‌ಫರ್ಡ್‌ನ ಒಂದು ಕೇಂದ್ರ ಮತ್ತು ಅಮೆರಿಕ ಸರ್ಕಾರದ ನೆರವು ಸಂಸ್ಥೆಯಾಗಿದ್ದ ಯುಎಸ್‌ಏಡ್ ಸೇರಿ 2012ರಲ್ಲಿ ತಂದಿದ್ದು. ಅದರಲ್ಲಿ ಒಂದೇ ಮನೆಯ ಹೆಂಗಸನ್ನೂ ಗಂಡಸನ್ನೂ ಬೇರೆಬೇರೆಯಾಗಿ ಕೇಳುತ್ತಾರೆ. ಇದಕ್ಕೆ ಇಬ್ಬರು ಸರ್ವೆಯವರು ಬೇಕು. ಒಬ್ಬರು ಯಜಮಾನರನ್ನು ಜಗಲಿಯಲ್ಲಿ ಅಡಿಕೆ ರೇಟಿನ ಮಾತಿಗೆ ಎಳೆದು ಪ್ರಶ್ನೆಗೆ ಕೂರಿಸುವಾಗ ಇನ್ನೊಬ್ಬರು ಹಿತ್ತಿಲಲ್ಲಿ, ಕೊಟ್ಟಿಗೆ ಹತ್ತಿರ. ಒಂದೇ ಹೊತ್ತಿಗೆ. ಒಬ್ಬರಾದ ಮೇಲೆ ಒಬ್ಬರು ಅಂದರೆ ಎರಡನೆಯವರು ಮೊದಲನೆಯವರ ಉತ್ತರಕ್ಕೆ ಹೊಂದಿಸಿಕೊಳ್ಳುತ್ತಾರೆ.

ಹಿಂಸೆಯ ಪ್ರಶ್ನೆ ಇದ್ದರಂತೂ ಇದು ಬರೀ ದತ್ತಾಂಶದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಸುರಕ್ಷತಾ ಸೂತ್ರ ಕೊಟ್ಟಿದೆ: ಮನೆಗೆ ಒಬ್ಬಳನ್ನೇ ಕೇಳಬೇಕು, ಪೂರ್ತಿ ಏಕಾಂತ ಇರಬೇಕು, ಯಾರಾದರೂ ಬಂದರೆ ತಕ್ಷಣ ಬೇರೆ ವಿಷಯಕ್ಕೆ ಹೊರಳಬೇಕು, ಸಹಾಯ ಎಲ್ಲಿ ಸಿಗುತ್ತೆ ಅಂತ ಹೇಳಿಕೊಡಬೇಕು. ಹೊರಳೋಕೆ ಕೈಯಲ್ಲಿ ಇನ್ನೊಂದು ಹಾಳೆ ಇರಬೇಕು, ಮಕ್ಕಳ ಲಸಿಕೆಯದ್ದೋ ಮನೆಯ ನೀರಿನದ್ದೋ. ಮೊನ್ನೆಯ ಯೋಜನೆಯ ಸರ್ವೆಯವರಿಗೆ ಆ ಹಾಳೆ ಕೊಟ್ಟಿದ್ದರಾ ಅಂತ ಕೇಳಿದೆ. ಟೀ ಬ್ರೇಕ್ ಆಯಿತು.

ಈಗ ನನ್ನ ಅಸಲಿ ಸಿಟ್ಟಿಗೆ ಬರ್ತೀನಿ. ತಿಂಗಳು.

ಬೇಸ್‌ಲೈನ್ ಸೆಪ್ಟೆಂಬರ್‌ನಲ್ಲಿ, ಎಂಡ್‌ಲೈನ್ ಡಿಸೆಂಬರ್‌ನಲ್ಲಿ. ಯಾಕೆ? ದಾನಿಯ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತೆ, ಅದಕ್ಕೆ. ಮಲೆನಾಡಿನಲ್ಲಿ ಈ ಎರಡು ತಿಂಗಳು ಬೇರೆ ಬೇರೆ ಲೋಕ ಅಂತ ಇಲ್ಲಿನ ಮಕ್ಕಳಿಗೂ ಗೊತ್ತು. ಸೆಪ್ಟೆಂಬರ್‌ನಲ್ಲಿ ನಟ್ಟಿ ಮುಗಿದಿರುತ್ತೆ, ಕೊಯ್ಲು ಇನ್ನೂ ಶುರುವಾಗಿರಲ್ಲ, ಕೂಲಿ ಹೆಂಗಸರ ಕೈ ಖಾಲಿ. ಡಿಸೆಂಬರ್ ಅಂದರೆ ಅಡಿಕೆ ಕೊನೆ (ಗೊನೆ) ಕೊಯ್ಲಿನ ಭರಾಟೆ. ಮೆಷಿನ್ ಬಂದ ಮನೆ ಬಿಟ್ಟರೆ ಸಂಜೆಯಿಂದ ರಾತ್ರಿವರೆಗೆ ಅಂಗಳದ ದೀಪದ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು ಸುಲಿಯೋದು. ಸಿಪ್ಪೆಯ ಕಲೆಗೆ ಬೆರಳೆಲ್ಲ ಕಪ್ಪು. ಸುಲಿದಷ್ಟಕ್ಕೆ ಕೂಲಿ, ಅದೂ ಹೆಚ್ಚಾಗಿ ಹೆಂಗಸಿನ ಕೈಗೇ. ಆಗ ಹೋಗಿ ‘ನಿಮ್ಮ ಸ್ವಂತ ಆದಾಯ ಇದೆಯಾ, ಅದರ ಖರ್ಚು ಯಾರು ನಿರ್ಧರಿಸುತ್ತಾರೆ’ ಅಂತ ಕೇಳಿದರೆ ಕಂಬ ಏರದೆ ಇರುತ್ತಾ? ಅಡಿಕೆ ಕೊಟ್ಟ ದುಡ್ಡನ್ನು ಯೋಜನೆಯ ಖಾತೆಗೆ ಬರೆದುಕೊಂಡರು, ಅಷ್ಟೇ. ಯೋಜನೆ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ತರಬೇತಿಯಿಂದ ಬಂದ ಆದಾಯ ಎಷ್ಟು ಅಂತ ಪ್ರತ್ಯೇಕ ಸಾಲು ವರದಿಯಲ್ಲಿ ಇಲ್ಲ.

ಇನ್ನೂ ಮಜಾ ಇದೆ. ಅದೇ ಪ್ರಶ್ನಾವಳಿಯಲ್ಲಿ ಸಮಯದ ಬಳಕೆಯ ಭಾಗವೂ ಇತ್ತು. ಡಬ್ಲ್ಯುಇಎಐಯಿಂದ ತಂದಿದ್ದು: ಹಿಂದಿನ ದಿನ ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ, 15 ನಿಮಿಷಕ್ಕೊಂದು ಚೌಕ, ಒಟ್ಟು 96 ಚೌಕ. ದುಡಿತ 10.5 ಗಂಟೆ ದಾಟಿದರೆ ಆಕೆ ಕೆಲಸದ ಹೊರೆಯಲ್ಲಿದ್ದಾಳೆ ಅಂತ ಲೆಕ್ಕ. ಅಡಿಕೆ ಸುಲಿಯುವ ಕಾಲದಲ್ಲಿ ಈ ಗೆರೆ ದಾಟದ ಹೆಂಗಸನ್ನು ಹುಡುಕಿ ತೋರಿಸಿ ನೋಡೋಣ. ಡಿಸೆಂಬರ್‌ನ ಆದಾಯ ಸ್ಲೈಡಿಗೆ ಬಂತು, ಡಿಸೆಂಬರ್‌ನ ಹೊರೆ ಅನುಬಂಧದ ಅಡಿಟಿಪ್ಪಣಿಗೆ ಹೋಯ್ತು, ‘ಋತುಮಾನದ ಪ್ರಭಾವ ಇರಬಹುದು’ ಅಂತ. ಓಹೋ, ಋತುಮಾನ ಹೊರೆಗೆ ಮಾತ್ರ, ಆದಾಯಕ್ಕಿಲ್ಲ!

ಈ ಭಾಗ ತುಂಬೋದು ಸುಲಭ ಅಲ್ಲ, ಒಪ್ಪುತ್ತೀನಿ. ಒಲೆ ಮೇಲೆ ಅನ್ನ, ಸೊಂಟದಲ್ಲಿ ಮಗು, ಕೈಯಲ್ಲಿ ಕತ್ತಿ, ಎಲ್ಲ ಒಂದೇ ಹೊತ್ತಿಗೆ ನಡೆಯುತ್ತೆ. ಅದಕ್ಕೇ ಜೊತೆಗೆಲಸಕ್ಕೆ ಎರಡನೇ ಸಾಲು ಇರೋದು. ಸರ್ವೆಯವರು ಆ ಸಾಲು ಬಿಟ್ಟರೆ ಮಗು ನೋಡಿಕೊಳ್ಳುವ ಕೆಲಸವೇ ಮಾಯ. ಟ್ಯಾಬ್ಲೆಟ್ಟಿನಲ್ಲಿ ಪ್ರತಿ ಭಾಗ ಶುರುವಾದ, ಮುಗಿದ ಹೊತ್ತು ದಾಖಲಾಗುತ್ತೆ. 96 ಚೌಕ ನಾಲ್ಕೇ ನಿಮಿಷದಲ್ಲಿ ತುಂಬಿದ್ದರೆ ಅದನ್ನು ತುಂಬಿದ್ದು ಬಸ್‌ಸ್ಟ್ಯಾಂಡಿನಲ್ಲಿ. ನೂರಕ್ಕೆ ಹತ್ತು ಮನೆಗಾದರೂ ಬೇರೆಯವರನ್ನು ಕಳಿಸಿ ಮರುಪರಿಶೀಲನೆ ಮಾಡಬೇಕು ಅಂತ ಇರೋದು ಸುಮ್ಮನೆ ಅಲ್ಲ.

ಅಷ್ಟಕ್ಕೂ ದೇಶದ ಅಂಕಿ ನೋಡಿ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ, ಅದೂ ಆ ಕೆಲಸ ಮಾಡುವ ಗಂಡಸರ ಸರಾಸರಿ. 2024ರಲ್ಲಿ 289 ಮತ್ತು 88. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು ಅಂತ ಖುಷಿಪಡುವ ಮೊದಲೇ ಗಂಡಸರು ಒಂಬತ್ತು ಉಳಿಸಿಕೊಂಡಿದ್ದಾರೆ.

ಇನ್ನು ಯಶಸ್ಸು ಯಾರದ್ದು ಅನ್ನೋದು. ಬೇಸ್‌ಲೈನ್ 2022, ಎಂಡ್‌ಲೈನ್ 2024. ಮಧ್ಯೆ ಕರ್ನಾಟಕದಲ್ಲಿ ಏನಾಯ್ತು ಅಂತ ಸ್ವಲ್ಪ ನೆನಪಿಸಿಕೊಳ್ಳಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆಯ ಉಚಿತ ಬಸ್, ಆಗಸ್ಟ್ 30ಕ್ಕೆ ಗೃಹಲಕ್ಷ್ಮಿಯ ತಿಂಗಳಿಗೆ 2000 ರೂಪಾಯಿ. ‘ಒಬ್ಬರೇ ಪೇಟೆಗೆ ಹೋಗಿಬರುವ ಮಹಿಳೆಯರು ಹೆಚ್ಚಾದರು’ ಅನ್ನುವ ವರದಿಯಲ್ಲಿ ಈ ಎರಡರ ಹೆಸರೇ ಇಲ್ಲ ಅಂದರೆ ಏನನ್ನಬೇಕು? ಸರ್ಕಾರವನ್ನು ಹೊಗಳಿ ಅಂತಲ್ಲ, ಆ ಚರ್ಚೆ ಇನ್ನೊಂದು ದಿನ. ಹೋಲಿಕೆಗೆ ಯೋಜನೆ ಇಲ್ಲದ ಊರುಗಳನ್ನು ಇಟ್ಟುಕೊಂಡಿದ್ದರೆ ಗೊತ್ತಾಗುತ್ತಿತ್ತು. ನಮ್ಮ ಜಿಲ್ಲೆಯಲ್ಲಂತೂ ಹೋಲಿಕೆ ತಾನಾಗಿಯೇ ಬಿದ್ದಿದೆ: ತೀರ್ಥಹಳ್ಳಿ, ಹೊಸನಗರದ ಕಡೆ ಖಾಸಗಿ ಬಸ್ಸೇ ಗತಿಯಾದ ಊರು ಎಷ್ಟೋ ಇವೆ, ಅಲ್ಲಿ ಶಕ್ತಿ ಚೀಟಿ ನಡೆಯಲ್ಲ. ಸರ್ಕಾರಿ ಬಸ್ಸಿನ ದಾರಿಯ ಊರು ಬೇರೆ, ಇವು ಬೇರೆ ಅಂತ ಎರಡು ಪಟ್ಟಿ ಮಾಡಿದ್ದರೂ ಸಾಕಿತ್ತು. ಹೈದರಾಬಾದ್‌ನಲ್ಲಿ ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡುಫ್ಲೊ ಮತ್ತು ಜೊತೆಗಾರರು ಕಿರುಸಾಲದ ಪರಿಣಾಮವನ್ನು ಹೀಗೆ ಹೋಲಿಕೆ ಇಟ್ಟು ನೋಡಿ 2015ರಲ್ಲಿ ಪ್ರಕಟಿಸಿದಾಗ ಮಹಿಳಾ ಸಬಲೀಕರಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆ ಇಲ್ಲದ ಕಡೆ ಮಾತ್ರ ಎಲ್ಲರೂ ಸಬಲರು.

‘ಮೇಡಂ, ನಿಮ್ಮದು ಅತಿಯಾಯ್ತು, ದಾನಿಗಳಿಗೆ ಒಂದು ಅಂಕಿ ಬೇಕು, ಅದೂ ಇಲ್ಲದಿದ್ದರೆ ಫಂಡೇ ಬರಲ್ಲ, ಯೋಜನೆಯೇ ಇರಲ್ಲ’ ಅಂತ ಸಂಘಟಕರಲ್ಲಿ ಒಬ್ಬರು ಊಟದ ಹೊತ್ತಿಗೆ ಹೇಳಿದರು. ಅಂಕಿ ಬೇಡ ಅಂದವರು ಯಾರು ಸ್ವಾಮಿ? ಇದೇ ಅಂಕಿಯ ಹೊಟ್ಟೆಪಾಡು ನನ್ನದೂ. ಈ ಪೋಸ್ಟ್ ಓದಿ ಮುಂದಿನ ಕೆಲಸ ಕೊಡದೆ ಇರುವವರು ಇದ್ದಾರೆ ಅಂತಲೂ ಗೊತ್ತು. ಆದರೆ ಮೂರು ನಿಮಿಷದ ನಾಲ್ಕು ಪ್ರಶ್ನೆಗೆ ದುಡ್ಡಿಲ್ಲ ಅನ್ನುವವರು ವರದಿಯನ್ನು ಆರ್ಟ್ ಪೇಪರಿನಲ್ಲಿ ಅಚ್ಚು ಹಾಕಿಸಿದ್ದರು. ಸೆಪ್ಟೆಂಬರ್‌ನಲ್ಲಿ ಶುರು ಮಾಡಿದ್ದನ್ನು ಸೆಪ್ಟೆಂಬರ್‌ನಲ್ಲೇ ಮುಗಿಸೋಕೆ ಒಂದು ರೂಪಾಯಿಯೂ ಹೆಚ್ಚು ಬೇಡ. ಒಪ್ಪಂದಕ್ಕೆ ಸಹಿ ಹಾಕುವ ದಿನ ಕ್ಯಾಲೆಂಡರ್ ನೋಡಿದರೆ ಸಾಕು.

ಮನೆ ಆರಿಸುವ ಕ್ರಮವೂ ಹಾಗೇ. ‘ಊರಿನ ಮಧ್ಯೆ ನಿಂತು, ಬಲಕ್ಕೆ ತಿರುಗಿ, ಪ್ರತಿ ಐದನೇ ಮನೆ’ ಅನ್ನುವ ನಿಯಮ ಸಾಲುಮನೆ ಇರುವ ಬಯಲುಸೀಮೆಗೆ ಸರಿ. ಇಲ್ಲಿ ಊರಿನ ಮಧ್ಯ ಅಂದರೆ ಯಾವುದು? ತೋಟಕ್ಕೊಂದು ಮನೆ, ನಡುವೆ ಗುಡ್ಡ, ಹಳ್ಳ. ಐದನೇ ಮನೆ ಮೂರು ಕಿಲೋಮೀಟರ್ ಆಚೆ. ಕೊನೆಗೆ ಟಾರ್ ರಸ್ತೆ ಪಕ್ಕದ ಮನೆಗಳೇ ಮಾದರಿ. ಮೊದಲು ಪಡಿತರ ಪಟ್ಟಿಯೋ ಅಂಗನವಾಡಿ ರಿಜಿಸ್ಟರೋ ಹಿಡಿದು ಮನೆಪಟ್ಟಿ ಮಾಡಿ, ಚೀಟಿ ಎತ್ತಿ, ಆಮೇಲೆ ನಡೆಯಬೇಕು. ಜಿಗಣೆ ಕಚ್ಚುತ್ತೆ, ಹೌದು.

ಕೋಡ್ 3ರ ಒಳಗೆ ಯಾರಿಲ್ಲ ಅನ್ನೋದೂ ಮುಖ್ಯ. ಎಂಡ್‌ಲೈನಿನಲ್ಲಿ ಮಾತಾಡಿಸಿದ್ದು ಸಂಘದಲ್ಲಿ ಈಗಲೂ ಇರುವವರನ್ನು. ಕಂತು ಕಟ್ಟಲಾಗದೆ ಬಿಟ್ಟವಳು, ಗಂಡ ಬೇಡ ಅಂದಿದ್ದಕ್ಕೆ ನಿಂತವಳು, ಸೊರಬಕ್ಕೆ ಮದುವೆಯಾಗಿ ಹೋದವಳು, ಯಾರೂ ಲೆಕ್ಕದಲ್ಲಿಲ್ಲ. ಬೇಸ್‌ಲೈನಿನಲ್ಲಿ ಇವರೆಲ್ಲ ಇದ್ದರು. ಹೆಚ್ಚು ಕಷ್ಟದಲ್ಲಿದ್ದವರನ್ನು ಕೈಬಿಟ್ಟರೆ ಉಳಿದವರ ಸರಾಸರಿ ತಾನಾಗಿ ಏರುತ್ತೆ, ಯಾರೂ ಒಂದಿಂಚು ಬದಲಾಗಬೇಕಿಲ್ಲ. ಇನ್ನು ಸರ್ವೆ ಮಾಡಿದ್ದು ಯಾರು? ಯೋಜನೆಯದ್ದೇ ಕಾರ್ಯಕರ್ತೆಯರು. ಮುಂದಿನ ಸಾಲಕ್ಕೆ ಶಿಫಾರಸು ಮಾಡುವವಳೇ ಬಂದು ‘ನಿಮ್ಮ ಆತ್ಮವಿಶ್ವಾಸ ಹೆಚ್ಚಿದೆಯಾ ಅಕ್ಕಾ’ ಅಂತ ಕೇಳಿದರೆ ಇಲ್ಲ ಅನ್ನೋಕೆ ತಲೆ ಕೆಟ್ಟಿದೆಯಾ?

ಅಂಕಿ ಇಳಿದರೆ ಮುಚ್ಚಿಡೋದು ಮತ್ತೊಂದು ಚಟ. ಹತ್ತು ಮೆಟ್ಟಿಲಿನ ಏಣಿಯ ಚಿತ್ರ ತೋರಿಸಿ ‘ನೀವು ಎಲ್ಲಿದ್ದೀರಿ’ ಅಂತ ಕೇಳುವ ಪ್ರಶ್ನೆಗೆ, ಯೋಜನೆ ಚೆನ್ನಾಗಿ ನಡೆದ ಊರಲ್ಲೇ ಹೆಂಗಸರು ಮೊದಲಿಗಿಂತ ಕೆಳಗಿನ ಮೆಟ್ಟಿಲು ತೋರಿಸಬಹುದು. ಆಸ್ತಿಯಲ್ಲಿ ಪಾಲಿದೆ ಅಂತ ತರಬೇತಿಯಲ್ಲಿ ತಿಳಿದ ಮೇಲೆ ಪಾಲಿಲ್ಲದ್ದು ಕಾಣುತ್ತಲ್ಲ. ಬೇರೊಬ್ಬಳ ಕಥೆ ಚುಟುಕಾಗಿ ಹೇಳಿ ‘ಅವಳು ಯಾವ ಮೆಟ್ಟಿಲಲ್ಲಿದ್ದಾಳೆ’ ಅಂತಲೂ ಎರಡೂ ಸಲ ಕೇಳಿದ್ದರೆ ಬದಲಾಗಿದ್ದು ಬದುಕೋ ಅಳತೆಗೋಲೋ ಅಂತ ತಿಳಿಯುತ್ತಿತ್ತು. ಇವರು ಕೇಳಿದ್ದು ಒಂದೇ ಏಣಿ, ಇಳಿದಿದೆ, ಸ್ಲೈಡಿಗೆ ಬರಲಿಲ್ಲ.

ನಾನು ಕೇಳಿದ್ದು ಮೂರು ಕೋಷ್ಟಕ. ಕೋಡ್ 3 ಅಂದವರಲ್ಲಿ ಎಷ್ಟು ಜನರ ಪಕ್ಕ ಮನೆಯವರು ಕೂತಿದ್ದರು. ಅಡಿಕೆ ಸುಲಿದ ಕೂಲಿ ಕಳೆದರೆ ಆದಾಯ ಎಷ್ಟು. ಬೇಸ್‌ಲೈನಿನಲ್ಲಿದ್ದು ಎಂಡ್‌ಲೈನಿನಲ್ಲಿ ಇಲ್ಲದವರು ಯಾರು. ದತ್ತಾಂಶ ಅವರ ಲ್ಯಾಪ್‌ಟಾಪಿನಲ್ಲೇ ಇದೆ, ಅರ್ಧ ಗಂಟೆ ಕೆಲಸ. ‘ಮೇಲ್ ಮಾಡ್ತೀವಿ ಮೇಡಂ’ ಅಂದಿದ್ದಾರೆ.