ಮುದ್ರೆ ಬೀಳದ ಟಿಕೆಟ್ಟು

ಕಳ್ಳ ಅನ್ನಿಸಿಕೊಳ್ಳುವುದಕ್ಕೆ ಕದಿಯಲೇಬೇಕು ಎಂದೇನಿಲ್ಲ. ಬರ್ಲಿನ್‌ಗೆ ಹೋಗಿ ದುಡ್ಡು ಕೊಟ್ಟು ಟಿಕೆಟ್ ತಗೊಂಡರೂ ಆಗುತ್ತದೆ.

ಆ ಊರಿನ ನೆಲದಡಿ ರೈಲಿಗೆ ಊ-ಬಾನ್ ಅನ್ನುತ್ತಾರೆ. 1902ರಿಂದ ಓಡುತ್ತಿದೆ, ಆದರೆ ಗೇಟು ಮಾತ್ರ ಇಲ್ಲ. ರಸ್ತೆಯಿಂದ ಮೆಟ್ಟಿಲಿಳಿದರೆ ನೇರ ಪ್ಲಾಟ್‌ಫಾರ್ಮ್. ಅಡ್ಡ ನಿಲ್ಲುವ ಸರಳಿಲ್ಲ, ಎಲ್ಲಿಗೆ ಎಂದು ಕೇಳುವವರಿಲ್ಲ. ಎಂಥಾ ನಂಬಿಕಸ್ಥ ಜನ ಎಂದು ಮೊದಲ ದಿನವೇ ಕರಗಿ ನೀರಾದೆ.

ಟಿಕೆಟ್ ಯಂತ್ರದ ಮುಂದೆ ನಿಂತೆ. ಅದು ಎ, ಬಿ, ಸಿ ಎಂದು ವಲಯ ಕೇಳಿತು. ನಡು ಊರು ಎ, ಊರಿನ ಗಡಿಯವರೆಗೆ ಬಿ, ಗಡಿ ದಾಟಿದರೆ ಸಿ. ವಿಮಾನ ನಿಲ್ದಾಣ ಇರುವುದು ಸಿಯಲ್ಲಿ. ಆಗಷ್ಟೇ ಬಂದಿಳಿದವನಿಗೆ ಊರಿನ ನಡು ಯಾವುದು, ಅಂಚು ಯಾವುದು ಎಂದು ಹೇಗೆ ತಿಳಿಯಬೇಕು? ಒಂದು ನಾಣ್ಯವಂತೂ ಹಾಕಿದ್ದಷ್ಟೂ ಸಲ ಕೆಳಗಿನ ಬಟ್ಟಲಿಗೆ ಟಣ್ಣೆಂದು ಬಂದು ಬಿತ್ತು. ಬೆನ್ನ ಹಿಂದೆ ಯಾರೋ ನಿಟ್ಟುಸಿರುಬಿಟ್ಟರು. ಜರ್ಮನ್ ಭಾಷೆಯಲ್ಲಿ ನನಗೆ ಮೊದಲು ಅರ್ಥವಾದದ್ದು ಅದೇ. ಕೊನೆಗೂ ಟಿಕೆಟ್ ಬಂತು. ಮಡಿಕೆ ಬೀಳದಂತೆ ಪಾಸ್‌ಪೋರ್ಟಿನ ಹಾಳೆಗಳ ನಡುವೆ ಇಟ್ಟುಕೊಂಡು ರೈಲು ಹತ್ತಿದೆ.

ಮೂರನೇ ನಿಲ್ದಾಣದಲ್ಲಿ ಮಾಸಲು ಜಾಕೆಟ್‌ನ ಒಬ್ಬಾತ ಹತ್ತಿ, ನನ್ನ ಹಾಗೆಯೇ ಕಿಟಕಿಯತ್ತ ನೋಡುತ್ತ ನಿಂತ. ಬಾಗಿಲು ಮುಚ್ಚಿಕೊಂಡದ್ದೇ ತಡ, ಜಾಕೆಟ್‌ನೊಳಗೆ ಕೈಹಾಕಿ ಗುರುತಿನ ಕಾರ್ಡ್ ತೆಗೆದು, 'ಫಾರ್‌ಶೈನ, ಬಿಟ್ಟೆ' ಎಂದ. ಬಿಟ್ಟೆ ಎಂದರೆ ಅವರಲ್ಲಿ ದಯವಿಟ್ಟು ಎಂದರ್ಥ. ಬಿಟ್ಟೆ ಬಿಟ್ಟೆ ಅನ್ನುತ್ತಲೇ ಆತ ನನ್ನನ್ನು ಬಿಡಲಿಲ್ಲ.

ಹೆಮ್ಮೆಯಿಂದ ಟಿಕೆಟ್ ಚಾಚಿದೆ. ಆತ ಹಿಂದೆ ಮುಂದೆ ತಿರುಗಿಸಿ, ಒಂದು ಖಾಲಿ ಜಾಗದ ಮೇಲೆ ಬೆರಳಿಟ್ಟ. ಮುದ್ರೆ ಎಲ್ಲಿ? ಪ್ಲಾಟ್‌ಫಾರ್ಮ್‌ನಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದಂತೆ. ಅದರ ಬಾಯಿಗೆ ಟಿಕೆಟ್ಟಿನ ತುದಿ ಕೊಟ್ಟರೆ ಟಕ್ಕೆಂದು ದಿನ, ಗಂಟೆ ಒತ್ತಿ ಕೊಡುತ್ತದಂತೆ. ಅಂತೆಯೇನು, ನಾನೇ ನೋಡಿದ್ದೆ. ಅದಕ್ಕೆ ಬ್ಯಾಗ್ ಒರಗಿಸಿಕೊಂಡು ಬೂಟಿನ ಲೇಸ್ ಕಟ್ಟಿಕೊಂಡಿದ್ದೆ. ದಂಡ 60 ಯೂರೋ.

'ದುಡ್ಡು ಕೊಟ್ಟಿದ್ದೀನಲ್ಲ ಸಾರ್' ಎಂದು ಬಂದಷ್ಟು ಇಂಗ್ಲಿಷಿನಲ್ಲಿ ಬೇಡಿಕೊಂಡೆ.

'ಕೊಟ್ಟಿದ್ದೀರಿ. ಆದರೆ ಇದನ್ನೇ ನಾಳೆಯೂ ತೋರಿಸಬಹುದು, ನಾಡಿದ್ದೂ ತೋರಿಸಬಹುದು.'

ರಾತ್ರಿ ಮಲಗಿಕೊಂಡು ಯೋಚಿಸಿದಾಗ ಆತ ಹೇಳಿದ್ದು ಸರಿ ಅನ್ನಿಸಿತು. ಹೊಟ್ಟೆ ಉರಿದದ್ದು ಅದಕ್ಕೇ. ಒಂದು ಟಿಕೆಟ್ಟಿಗೆ ಎರಡು ಗಂಟೆ ಆಯುಸ್ಸು, ಆದರೆ ಮುದ್ರೆ ಬೀಳುವವರೆಗೂ ಅದು ಹುಟ್ಟುವುದೇ ಇಲ್ಲ. ಹುಟ್ಟದ್ದಕ್ಕೆ ಸಾವೆಲ್ಲಿ! ಮುದ್ರೆ ಒತ್ತುವುದಕ್ಕೆ ಅವರು ಎಂಟ್‌ವೇರ್ಟನ್ ಅನ್ನುತ್ತಾರೆ, ಬೆಲೆ ಕಳೆಯುವುದು ಎಂದರ್ಥ. ಬೆಲೆ ಕಳೆದ ಮೇಲೆಯೇ ಆ ಕಾಗದಕ್ಕೆ ಬೆಲೆ. ಟಿಕೆಟ್ ಇಲ್ಲದೆ ಓಡಾಡುವುದಕ್ಕೂ ಒಂದು ಮಾತಿದೆ, ಶ್ವಾರ್ಟ್ಸ್‌ಫಾರೆನ್, ಪದಕ್ಕೆ ಪದ ಇಟ್ಟರೆ ಕಪ್ಪು ಪ್ರಯಾಣ. ಬಿಳೀ ಟಿಕೆಟ್ ಹಿಡಿದುಕೊಂಡೇ ಕಪ್ಪು ಪ್ರಯಾಣ ಮಾಡಿದ್ದೆ.

ಲಂಡನ್ನಿನಲ್ಲಿ ತಾಪತ್ರಯ ಬೇರೆ. ರೈಲಿಗೆ ಹತ್ತುವಾಗಲೂ ಇಳಿದು ಹೊರಬರುವಾಗಲೂ ಕಾರ್ಡ್ ಮುಟ್ಟಿಸಬೇಕು. ಮರೆತರೆ ಗರಿಷ್ಠ ದರ ಮುರಿದುಕೊಳ್ಳುತ್ತಾರೆ. ಬಸ್ಸಿಗಾದರೆ ಹತ್ತುವಾಗ ಮಾತ್ರ. ನಾನು ಇಳಿಯುವ ಬಾಗಿಲಲ್ಲಿ ಕಾರ್ಡ್ ಹಿಡಿದುಕೊಂಡು, ಮುಟ್ಟಿಸುವ ಜಾಗಕ್ಕಾಗಿ ಕಂಬವನ್ನೆಲ್ಲ ತಡವಿದ್ದೇನೆ.

ಪರದೇಶಿಯ ಕಷ್ಟ ಅರಿತವರೆಂದರೆ ಟೋಕಿಯೋದವರು. ಗೋಡೆಯ ಮೇಲಿನ ದರದ ನಕ್ಷೆ ಅರ್ಥವಾಗದಿದ್ದರೆ ಎಲ್ಲಕ್ಕಿಂತ ಅಗ್ಗದ ಟಿಕೆಟ್ ಕೊಂಡು ಹತ್ತಿದರಾಯಿತು. ಇಳಿದ ಕಡೆ ಗೇಟಿನ ಪಕ್ಕದಲ್ಲೇ ಇನ್ನೊಂದು ಯಂತ್ರ ಇರುತ್ತದೆ. ಟಿಕೆಟ್ ನುಂಗಿ, ಬಾಕಿ ಎಷ್ಟೋ ಅಷ್ಟನ್ನು ಮಾತ್ರ ಕೇಳುತ್ತದೆ. ದಂಡವಿಲ್ಲ, ಬೈಗುಳವಿಲ್ಲ. ಗೊತ್ತಿಲ್ಲದಿರುವುದು ಬೇರೆ, ಮೋಸ ಬೇರೆ ಎಂದು ಒಂದು ಯಂತ್ರಕ್ಕೆ ಕಲಿಸಿಟ್ಟಿದ್ದಾರಲ್ಲ!

ಲಕ್ಸೆಂಬರ್ಗ್‌ನಲ್ಲಿ ಆ ಗೊಡವೆಯೂ ಇಲ್ಲ. 2020ರ ಫೆಬ್ರವರಿ 29ರಿಂದ ಇಡೀ ದೇಶದಲ್ಲಿ ಬಸ್ಸು, ಟ್ರಾಮು, ರೈಲು ಪುಕ್ಕಟೆ. ಪರದೇಶದವರಿಗೂ ಅಷ್ಟೇ. ರೈಲಿನ ಮೊದಲ ದರ್ಜೆಯಲ್ಲೇ ಕೂರುತ್ತೇನೆ ಅನ್ನುವವರು ಮಾತ್ರ ದುಡ್ಡು ಕೊಡಬೇಕು. ಟ್ರಾಮ್ ಹತ್ತಿ ಕೂತೆ. ಕೈಯಲ್ಲಿ ಟಿಕೆಟ್ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೂ ಕಣ್ಣು ಮುದ್ರೆಯ ಪೆಟ್ಟಿಗೆ ಹುಡುಕುತ್ತಿತ್ತು.

ಎರಡನೇ ನಿಲ್ದಾಣದಲ್ಲಿ ಮಾಸಲು ಜಾಕೆಟ್‌ನ ಒಬ್ಬ ಹತ್ತಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಆತನ ಕೈಯೂ ಜಾಕೆಟ್‌ನೊಳಕ್ಕೆ ಹೋಯಿತು. ಬಾಗಿಲು ಮುಚ್ಚುವಷ್ಟರಲ್ಲಿ ನಾನು ಇಳಿದುಬಿಟ್ಟಿದ್ದೆ. ಟ್ರಾಮ್ ಹೊರಟಾಗ ಗಾಜಿನಾಚೆ ಕಂಡ, ಇಯರ್‌ಫೋನಿನ ಸಿಕ್ಕು ಬಿಡಿಸಿಕೊಳ್ಳುತ್ತಿದ್ದ.