ಆರಿತೋ, ಆರಿಸಿದರೋ?

ಗೋಡೆಗೆ ನೇತುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನೋಡಿರುತ್ತೀರಿ. ಫೈರ್ ಎಕ್ಸ್‌ಟಿಂಗ್ವಿಶರ್. ಡೈನೋಸಾರ್ ಮಾತು ಬಂದಾಗ ತಪ್ಪದೆ ಬರುವ, ಅಳಿದುಹೋದ ಅನ್ನುವ ಅರ್ಥದ ಎಕ್ಸ್‌ಟಿಂಕ್ಟ್ ಅನ್ನುವ ಪದಕ್ಕೂ ಈ ಸಿಲಿಂಡರಿನ ಹೆಸರಿಗೂ ಒಂದೇ ತಾಯಿ ಅನ್ನುವುದು ನನಗೆ ಎಷ್ಟೋ ವರ್ಷ ಹೊಳೆದೇ ಇರಲಿಲ್ಲ. ಹೊಳೆದ ಮೇಲೆ ಅದು ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಈ ಉದ್ದನೆಯ ಪೋಸ್ಟು.

ಮೂಲ ಲ್ಯಾಟಿನ್. ಎಕ್ಸ್‌ಟಿಂಗ್ವೆರೆ ಅಂದರೆ ಉರಿಯುತ್ತಿರುವುದನ್ನು ನಂದಿಸು. 15ನೇ ಶತಮಾನದ ಇಂಗ್ಲಿಷಿನಲ್ಲಿ ಎಕ್ಸ್‌ಟಿಂಕ್ಟ್ ಅಂದರೆ ಆರಿದ ಬೆಂಕಿ, ಅಷ್ಟೇ. ಪ್ರಾಣಿಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆಮೇಲೆ ವಾರಸುದಾರರಿಲ್ಲದೆ ಮುಗಿದ ಮನೆತನಗಳಿಗೆ, ಬಿರುದುಗಳಿಗೆ ಅದನ್ನು ಬಳಸಿದರು. ಇದು ನಮಗೆ ಹೊಸದೇನಲ್ಲ ಬಿಡಿ. ಮಗ ಹುಟ್ಟಿದರೆ ಕುಲದೀಪ, ಶಾಪ ಹಾಕಬೇಕಾದರೆ ‘ನಿನ್ನ ಮನೆ ದೀಪ ಆರಿಹೋಗಲಿ’. ಲ್ಯಾಟಿನ್ನಿನವರಿಗೂ ನಮಗೂ ಒಂದೇ ದೀಪ ಕಂಡಿದೆ.

ಬೆಂಕಿಯ ಅರ್ಥ ಇವತ್ತಿಗೂ ಪೂರ್ತಿ ಹೋಗಿಲ್ಲ. ಮತ್ತೆ ಉಕ್ಕುವ ಸಾಧ್ಯತೆಯೇ ಇಲ್ಲದ ಜ್ವಾಲಾಮುಖಿ ಎಕ್ಸ್‌ಟಿಂಕ್ಟ್, ಸುಮ್ನೆ ಮಲಗಿರುವುದು ಡಾರ್ಮಂಟ್. ಖಗೋಳದವರು ನಕ್ಷತ್ರದ ಬೆಳಕು ದಾರಿಯಲ್ಲಿ ಸಿಗುವ ಧೂಳಿಗೆ ಸಿಕ್ಕಿ ಮಂಕಾಗುವುದನ್ನು ಎಕ್ಸ್‌ಟಿಂಕ್ಷನ್ ಅನ್ನುತ್ತಾರೆ. ಮನಶ್ಶಾಸ್ತ್ರದಲ್ಲೂ ಇದೆ. ರಷ್ಯಾದ ವಿಜ್ಞಾನಿ ಪಾವ್ಲೋವ್, ಸದ್ದಾದರೆ ಊಟ ಬರುತ್ತದೆ ಅಂತ ಕಲಿತಿದ್ದ ತನ್ನ ನಾಯಿಗಳಿಗೆ ಮತ್ತೆ ಮತ್ತೆ ಬರೀ ಸದ್ದು ಕೇಳಿಸಿ ಊಟ ಕೊಡದೇ ಹೋದರೆ, ಸದ್ದಿಗೆ ಜೊಲ್ಲು ಸುರಿಸುವ ಅಭ್ಯಾಸ ನಿಧಾನಕ್ಕೆ ನಿಂತುಹೋಗುತ್ತಿತ್ತು. ಅದಕ್ಕೂ ಇದೇ ಹೆಸರು. ತಮಾಷೆ ಅಂದರೆ ಸ್ವಲ್ಪ ಸಮಯ ಬಿಟ್ಟು ಮತ್ತೆ ಸದ್ದು ಕೇಳಿಸಿದರೆ ಜೊಲ್ಲು ಮತ್ತೆ ಬರುತ್ತಿತ್ತು. ಬೂದಿ ಮುಚ್ಚಿದ ಕೆಂಡ!

ಇಡೀ ಒಂದು ಜೀವಜಾತಿಯೇ ಹೀಗೆ ಆರಿಹೋಗಬಹುದು ಅನ್ನುವುದನ್ನು ಜನ ಬೇಗ ಒಪ್ಪಲಿಲ್ಲ. 1796ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಯೂವಿಯೆ ಅನ್ನುವ ಯುವಕ ಆನೆಗಳ ಮೂಳೆ ಮತ್ತು ಆನೆಯನ್ನೇ ಹೋಲುವ ಮ್ಯಾಮತ್‌ನ ಮೂಳೆಗಳನ್ನು ಹೋಲಿಸಿ, ಇದು ಬೇರೆಯೇ ಪ್ರಾಣಿ, ಈಗ ಭೂಮಿಯ ಮೇಲೆ ಇಲ್ಲ ಎಂದು ವಾದಿಸಿದ. ಅತ್ತ ಅಮೆರಿಕದಲ್ಲಿ, ಮುಂದೆ ಅಲ್ಲಿನ ಅಧ್ಯಕ್ಷನಾದ ಜೆಫರ್ಸನ್‌ಗೆ, ಪ್ರಕೃತಿ ತಾನು ಮಾಡಿದ ಒಂದು ಜಾತಿಯನ್ನೂ ಕಳೆದುಕೊಳ್ಳುವುದಿಲ್ಲ ಅನ್ನುವ ನಂಬಿಕೆ. ಮ್ಯಾಮತ್ ಪಶ್ಚಿಮದ ಕಾಡುಗಳಲ್ಲಿ ಎಲ್ಲೋ ಇನ್ನೂ ಓಡಾಡಿಕೊಂಡಿರಬಹುದು ಅಂತ ಅವನ ಆಸೆ. ಆಸೆಯನ್ನು ತಪ್ಪು ಅನ್ನಲಾರೆ. ಮ್ಯಾಮತ್ ವಿಷಯದಲ್ಲಿ ಸುಳ್ಳಾದದ್ದು ಸೀಲಕ್ಯಾಂತ್ ಮೀನಿನ ವಿಷಯದಲ್ಲಿ ನಿಜ ಆಯಿತಲ್ಲ. ಡೈನೋಸಾರ್ ಜೊತೆಗೇ ಹೋಯಿತು ಅಂದುಕೊಂಡಿದ್ದ ಆ ಮೀನು 1938ರಲ್ಲಿ ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಬಲೆಗೆ ಬಿತ್ತು.

ಈಗ ನನ್ನ ತಕರಾರಿಗೆ ಬರುತ್ತೇನೆ. ಆರಿದ ಒಲೆಯನ್ನು ಮತ್ತೆ ಹಚ್ಚಬಹುದು, ಹೋದ ಜಾತಿಯನ್ನು ಹಚ್ಚಲಾಗದು, ಹಾಗಾಗಿ ಹೋಲಿಕೆ ಅರೆಬರೆ. ಅದಿರಲಿ. ನನಗೆ ಜಾಸ್ತಿ ಚುಚ್ಚುವುದು ಬೇರೆ. ಲ್ಯಾಟಿನ್ನಿನಲ್ಲಿ ಆ ಪದದ ಅರ್ಥ ‘ನಂದಿಸಲ್ಪಟ್ಟದ್ದು’. ನಂದಿಸಿದವನೊಬ್ಬ ಹಿಂದೆ ನಿಂತಿದ್ದ. ಇಂಗ್ಲಿಷಿಗೆ ಬಂದು ಸವೆದು ಸವೆದು ಅವನು ಮಾಯವಾದ. ಈಗ ‘ಗೋ ಎಕ್ಸ್‌ಟಿಂಕ್ಟ್’ ಅನ್ನುತ್ತಾರೆ, ಪ್ರಾಣಿ ತಾನೇ ಚೀಲ ಹಿಡಿದು ಎದ್ದು ಹೊರಟುಹೋದ ಹಾಗೆ. ಒಂದು ಪ್ರದೇಶದಿಂದ ಮಾತ್ರ ಇಲ್ಲವಾದರೆ ಅದಕ್ಕೆ ಇನ್ನೊಂದು ಪದ, ಎಕ್ಸ್‌ಟರ್ಪೇಟೆಡ್, ಅಂದರೆ ಬುಡಸಮೇತ ಕಿತ್ತದ್ದು, ಥೇಟ್ ನಮ್ಮ ನಿರ್ಮೂಲ. ಬ್ರಿಟನ್ನಿನ ತೋಳಗಳ ಕತೆ ಅದು. ಯೂರೋಪಿನ ಬೇರೆ ಕಡೆ ಅವು ಇನ್ನೂ ಇವೆ. ವಿಚಿತ್ರ ಅಲ್ವಾ, ಕಡಿಮೆ ನಷ್ಟಕ್ಕೆ ಕಿತ್ತವನ ಕೈ ಕಾಣುವ ಪದ, ಪೂರ್ತಿ ನಷ್ಟಕ್ಕೆ ಯಾರ ಕೈಯೂ ಕಾಣದ ಪದ.

ಕನ್ನಡದಲ್ಲಿ ಈ ನೆಪ ಹೇಳಲು ಆಗುವುದಿಲ್ಲ. ಆರು, ಆರಿಸು. ನಂದು, ನಂದಿಸು. ಅಳಿ, ಅಳಿಸು. ತಾನಾಗಿ ಆದದ್ದಕ್ಕೊಂದು, ಮಾಡಿದ್ದಕ್ಕೊಂದು, ಎರಡೂ ಕೈಗೆ ಸಿಗುವ ಹಾಗೇ ಇವೆ. ಸ್ಲೇಟಿನ ಮೇಲಿನ ಅಕ್ಷರ ಒರೆಸುವುದೂ ಅಳಿಸುವುದೇ. ಆದರೂ ಸುದ್ದಿ ಬರೆಯುವಾಗ ನಾವು ಯಾವಾಗಲೂ ‘ಅಳಿದುಹೋಯಿತು’, ‘ಅಳಿವಿನಂಚಿನಲ್ಲಿದೆ’ ಅಂತಲೇ ಬರೆಯುತ್ತೇವೆ. ಡೈನೋಸಾರ್‌ಗೆ ಅದು ಸರಿ, ಆಗ ನಾವಿರಲಿಲ್ಲ. ಭೂಮಿಯ ಮೇಲೆ ಬದುಕಿದ್ದ ಜಾತಿಗಳಲ್ಲಿ ಬಹುಪಾಲು ನಮ್ಮ ಕೈವಾಡವಿಲ್ಲದೆಯೇ ಹೋದವು. ಆದರೆ ಸ್ಟೆಲ್ಲರ್ ಸಮುದ್ರಹಸು ಅನ್ನುವ ದೊಡ್ಡ ಕಡಲಪ್ರಾಣಿ? 1741ರಲ್ಲಿ ಬೇರಿಂಗ್ ಸಮುದ್ರದ ದ್ವೀಪವೊಂದರ ಬಳಿ ಸ್ಟೆಲ್ಲರ್ ಅನ್ನುವ ನಿಸರ್ಗತಜ್ಞ ಕಂಡು ವಿವರ ಬರೆದುಕೊಂಡ, 1768ರ ಹೊತ್ತಿಗೆ ಬೇಟೆಗಾರರು ಮುಗಿಸಿದ್ದರು. ಇಪ್ಪತ್ತೇಳು ವರ್ಷ.

ಅಮೆರಿಕದ ಪ್ಯಾಸೆಂಜರ್ ಪಾರಿವಾಳಗಳ ಕೊನೆಯ ಹಕ್ಕಿ ಮಾರ್ಥಾ. 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ದಾಖಲೆಯಲ್ಲಿ ಜಾತಿ ಆರಿದ್ದು ಆ ದಿನ. ಆದರೆ ಅದು ಪಂಜರದಲ್ಲಿ ಮುದಿಯಾಗಿ ಸತ್ತ ಹಕ್ಕಿ, ಅವತ್ತು ಯಾರೂ ಏನೂ ಮಾಡಲಿಲ್ಲ. ಆಕಾಶ ಮುಚ್ಚುವಷ್ಟು ದೊಡ್ಡ ಹಿಂಡುಗಳನ್ನು ಹೊಡೆದು, ರೈಲಿಗೆ ತುಂಬಿ, ಊರೂರಿಗೆ ಮಾರಿದ್ದು ಅದಕ್ಕೂ ಎಷ್ಟೋ ವರ್ಷ ಹಿಂದೆ. ಬೆಂಕಿಗೆ ನೀರು ಸುರಿದದ್ದು ಆವಾಗ. ಕೊನೆಯ ಹೊಗೆ ಮಾತ್ರ ಈ ದಿನದ್ದು.

ಗ್ರೇಟ್ ಆಕ್ ಅನ್ನುವ ಹಾರಲಾಗದ ಕಡಲಹಕ್ಕಿಯದ್ದಂತೂ ಇಷ್ಟೂ ಮಸುಕಿಲ್ಲ. ಕೊನೆಯದು ಅಂತ ದಾಖಲಾಗಿರುವ ಜೋಡಿಯನ್ನು 1844ರಲ್ಲಿ ಐಸ್‌ಲ್ಯಾಂಡಿನ ಎಲ್ಡೇ ಬಂಡೆಯ ಮೇಲೆ, ಸಂಗ್ರಹಕಾರರಿಗೆ ಮಾರಲು, ಅಟ್ಟಿಸಿಕೊಂಡು ಹೋಗಿ ಹಿಡಿದು ಕೊಂದರು. ಅದಕ್ಕೆ ‘ಅಳಿದುಹೋಯಿತು’ ಅಂತ ಬರೆಯಲು ನನ್ನ ಕೈ ಬರುವುದಿಲ್ಲ.