ಬೈಬಲಿನ ನಟ್ಟನಡುವೆ 118ನೇ ಕೀರ್ತನೆಯೇ?

ಬೈಬಲಿನ ನಟ್ಟನಡುವಿನ ವಾಕ್ಯ ಕೀರ್ತನೆ 118:8 (118ನೇ ಕೀರ್ತನೆಯ 8ನೇ ವಾಕ್ಯ), ಆ ಕೀರ್ತನೆಯ ಹಿಂದೆ 594, ಮುಂದೆ 594 ಅಧ್ಯಾಯಗಳಿವೆ, ಕೂಡಿದರೆ 1188, ಅದೂ 118:8ರ ಅಂಕಿಗಳೇ ಎನ್ನುವ ಸಂದೇಶ ಮೊಬೈಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಭಕ್ತಿಯಿಂದಲೇ ಹಂಚುತ್ತಾರೆ, ಆದರೆ ಲೆಕ್ಕ ತಪ್ಪಿದೆ.

ಪರೀಕ್ಷಿಸಲು ಕಾಗದ, ಪೆನ್ನು ಸಾಕು. 66 ಗ್ರಂಥಗಳ ಬೈಬಲಿನ ಪರಿವಿಡಿ ತೆರೆದು ಆದಿಕಾಂಡದ 50, ವಿಮೋಚನಾಕಾಂಡದ 40 ಎಂದು ಕೂಡುತ್ತಾ ಹೋಗಿ. ಯೋಬನ ಗ್ರಂಥ ಮುಗಿಯುವಾಗ 478 ಆಗುತ್ತದೆ. ಮುಂದಿನ ಗ್ರಂಥದಲ್ಲಿ ಒಂದೊಂದು ಕೀರ್ತನೆಯೂ ಒಂದು ಅಧ್ಯಾಯ; ಅದಕ್ಕೆ 117 ಕೀರ್ತನೆಗಳು ಸೇರಿದರೆ 595. ಅಂದರೆ 118ರ ಹಿಂದೆ ಇರುವುದು 594 ಅಲ್ಲ. ಒಟ್ಟು 1189 ಅಧ್ಯಾಯಗಳಲ್ಲಿ ನಡುವಿನದು ಎರಡೇ ವಾಕ್ಯಗಳ 117ನೇ ಕೀರ್ತನೆ. ಅಧ್ಯಾಯಗಳ ನಡುವೇ ವಾಕ್ಯಗಳ ನಡುವೂ ಆಗಬೇಕೆಂದಿಲ್ಲ.

ಕಥೋಲಿಕ ಬೈಬಲಿನಲ್ಲಂತೂ 73 ಗ್ರಂಥಗಳಿವೆ. ತೊಬೀತ, ಯೂದಿತ ಮುಂತಾದವು ಸೇರುವುದರಿಂದ ಮೊತ್ತವೇ ಬೇರೆ. ಹಳೆಯ ಲ್ಯಾಟಿನ್ ಬೈಬಲಿನ ಎಣಿಕೆಯಲ್ಲಿ ಈ 118ನೇ ಕೀರ್ತನೆಗೇ 117 ಎಂಬ ಸಂಖ್ಯೆ! ಅಲ್ಲದೆ ಈ ಅಂಕಿಗಳು ಮೂಲ ಬರೆಹಗಾರರದಲ್ಲ. ಈಗಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ವಾಕ್ಯಸಂಖ್ಯೆಗಳು 1551ರಲ್ಲಿ ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ ಹಾಕಿದವು.

ಇಂಥ ಸಂದೇಶ ಬಂದರೆ ಯಾವ ಬೈಬಲ್, ಯಾವ ಎಣಿಕೆ ಎಂದು ಮೊದಲು ಕೇಳಿಕೊಳ್ಳಿ, ಬಳಿಕ ಪುಟ ತೆರೆದು ನೋಡಿ. ನನಗಂತೂ ಆ ವಾಕ್ಯ ಬಹಳ ಪ್ರಿಯ: ಮನುಷ್ಯರನ್ನು ನೆಚ್ಚುವುದಕ್ಕಿಂತ ದೇವರ ಆಶ್ರಯ ಲೇಸು ಎನ್ನುತ್ತದೆ. ಅದು ಎಷ್ಟನೆಯ ಪುಟದಲ್ಲಿದ್ದರೂ ಅಷ್ಟೇ ಪ್ರಿಯ.